ವರ್ಚುವಲ್ ಅನಲಾಗ್ ಸಿಂಥಸೈಜರ್: ಕೈಗೆಟುಕುವ ನಾದ

ಸಂಗೀತದ ಹಂಬಲ ಹಲವರಿಗಿರುತ್ತದೆ. ಅದಕ್ಕೆ ಬೇಕಾದ ಬಿಡುವು ಕೆಲವರಿಗೆ ಮಾತ್ರ ಇರುತ್ತದೆ. ಡೊಂಬಿವಲಿ ಎಂಐಡಿಸಿಯ ನಿವಾಸಿ ವಿಭಾಗದಲ್ಲಿ ನೆಲೆಸಿ, ಬೆಳಗಿನ ಲೋಕಲ್ ಗಾಡಿಯಲ್ಲಿ ಮುಂಬಯಿಗೆ ಹೋಗಿ, ರಾತ್ರಿ ಎಂಟರ ಸುಮಾರಿಗೆ ಮನೆ ಸೇರುವ ನೌಕರನೊಬ್ಬನನ್ನು ಕಲ್ಪಿಸಿಕೊಳ್ಳೋಣ. ಗಣೇಶೋತ್ಸವ ನವರಾತ್ರಿಗಳ ಆರ್ಕೆಸ್ಟ್ರಾದಲ್ಲಿ ಕೀಬೋರ್ಡು ನುಡಿಸುವುದು ಅವನ ಹವ್ಯಾಸ. ಊಟವಾದ ಮೇಲೆ ಮಲಗುವವರೆಗೆ ದೊರೆಯುವ ಒಂದು ಗಂಟೆಯೇ ಅವನ ಸಂಗೀತದ ಬಂಡವಾಳವೆಲ್ಲ. ಆ ಗಂಟೆಯಲ್ಲಿ ಕಾಲುಭಾಗವು ಗಣಕಯಂತ್ರವನ್ನು ಸಿದ್ಧಪಡಿಸುವುದರಲ್ಲೇ ವ್ಯಯವಾದರೆ ಉಳಿಯುವುದು ಸ್ವಲ್ಪ. ಅಷ್ಟರಲ್ಲಿ ಉತ್ಸಾಹವೂ ಕರಗಿರುತ್ತದೆ.

ಇಂದು ಜೇಬಿನಲ್ಲಿರುವ ಮೊಬೈಲಿನಲ್ಲೇ ನೂರಾರು ವಾದ್ಯಗಳ ಧ್ವನಿ ದೊರೆಯುತ್ತದೆ. ಹೀಗಿದ್ದರೂ ಸಂಗೀತಗಾರರು ಹಣ ಕೂಡಿಟ್ಟು, ಮೈತುಂಬ ಗುಂಡಿಗಳಿರುವ ಒಂದು ಪೆಟ್ಟಿಗೆಯನ್ನು ಕೊಳ್ಳುತ್ತಾರೆ. ಅದೇ ‘ವರ್ಚುವಲ್ ಅನಲಾಗ್’ ಸಿಂಥಸೈಜರ್. ಹಳೆಯ ವಿದ್ಯುನ್ಮಂಡಲಗಳ ನಾದವನ್ನು ಲೆಕ್ಕಾಚಾರದಿಂದ ಪುನಃ ಸೃಷ್ಟಿಸುವ ವಾದ್ಯವಿದು. ಇದರ ಆಕರ್ಷಣೆಯ ಗುಟ್ಟೇನು ಎಂಬುದನ್ನು ಸಾಮಾನ್ಯ ವಾಚಕರಿಗೂ ತಿಳಿಯುವಂತೆ ವಿವರಿಸುವುದೇ ಈ ಲೇಖನದ ಉದ್ದೇಶ.

ತಂಬೂರಿಯಿಂದ ಆರಂಭ

ಯಂತ್ರದಿಂದ ನಾದ ಪಡೆಯುವುದು ಕನ್ನಡಿಗರಿಗೆ ಹೊಸ ವಿಷಯವಲ್ಲ. ಬೆಂಗಳೂರಿನಲ್ಲಿ ಎಚ್‌ಎಎಲ್ ಸಂಸ್ಥೆಯ ಇಂಜಿನಿಯರರಾಗಿದ್ದ, ಸ್ವತಃ ಕೊಳಲುವಾದಕರೂ ಆದ ಜಿ. ರಾಜ್ ನಾರಾಯಣ್ ಅವರು 1979ರ ಸುಮಾರಿಗೆ ವಿದ್ಯುನ್ಮಾನ ಶ್ರುತಿಪೆಟ್ಟಿಗೆಯನ್ನು ರೂಪಿಸಿ ‘ರಾಡೆಲ್’ ಸಂಸ್ಥೆಯನ್ನು ಕಟ್ಟಿದರು. ಅಂಥ ತಂಬೂರಿ ಪೆಟ್ಟಿಗೆಗಳು ಇಂದು ಭಜನಾ ಮಂಡಳಿಗಳಿಗೂ ಪಾಠದ ಮನೆಗಳಿಗೂ ಚಿರಪರಿಚಿತ. ಆರಂಭದಲ್ಲಿ ‘ಇದು ನಿಜವಾದ ತಂಬೂರಿಯಲ್ಲ’ ಎಂಬ ಆಕ್ಷೇಪ ಕೇಳಿಬರುವುದು ಸಹಜವೇ. ಆದರೆ ನಾಲ್ಕು ತಂತಿಗಳ ವಾದ್ಯವನ್ನು ಲೋಕಲ್ ಗಾಡಿಯ ಜನಸಂದಣಿಯಲ್ಲಿ ಒಯ್ಯಲಾಗದವನಿಗೆ, ಮಳೆಗಾಲದ ತೇವದಲ್ಲಿ ಪದೇ ಪದೇ ಶ್ರುತಿ ಮಾಡಿ ಬೇಸತ್ತವನಿಗೆ, ಆ ಪುಟ್ಟ ಪೆಟ್ಟಿಗೆ ವರದಾನವೇ ಆಯಿತು.

ಸಿಂಥಸೈಜರಿನ ತತ್ತ್ವವನ್ನು ಅರಿಯಲೂ ತಂಬೂರಿಯೇ ಉತ್ತಮ ಸಾಧನ. ತಂತಿಯನ್ನು ಮೀಟಿದಾಗ ಕೇಳಿಸುವುದು ಒಂದೇ ಸ್ವರವಲ್ಲ. ಮೂಲಸ್ವರವು ಸೆಕೆಂಡಿಗೆ 260 ಕಂಪನಗಳದ್ದಾದರೆ, ಅದರೊಡನೆ 520, 780, 1,040 ಹೀಗೆ ಗುಣಿತವಾಗಿ ಏರುವ ಉಪಸ್ವರಗಳೂ ಮೊಳಗುತ್ತವೆ. ಯಾವ ಉಪಸ್ವರ ಎಷ್ಟು ಬಲವಾಗಿದೆ ಎಂಬುದರ ಮೇಲೆಯೇ ಕೊಳಲು ಕೊಳಲಾಗಿ, ಪಿಟೀಲು ಪಿಟೀಲಾಗಿ ಕೇಳಿಸುತ್ತದೆ. ತಂಬೂರಿಯ ಕುದುರೆಯ ಮೇಲೆ, ತಂತಿಯ ಅಡಿಗೆ ಇಡುವ ನೂಲಿನ ಎಳೆಯನ್ನು ನಮ್ಮಲ್ಲಿ ಜೀವಾಳವೆನ್ನುತ್ತಾರೆ. ಆ ಎಳೆಯನ್ನು ಕೂದಲೆಳೆಯಷ್ಟು ಸರಿಸಿದರೆ ಉಪಸ್ವರಗಳು ಅರಳುತ್ತವೆ, ಇಲ್ಲವೆ ಮುದುಡುತ್ತವೆ. ತಂಬೂರಿ ವೀಣೆಗಳ ಕುದುರೆಯ ಈ ವೈಶಿಷ್ಟ್ಯವನ್ನು 1920ರ ದಶಕದ ಆರಂಭದಲ್ಲಿಯೇ ಸರ್ ಸಿ. ವಿ. ರಾಮನ್ ಅವರು ವೈಜ್ಞಾನಿಕವಾಗಿ ಪರಿಶೀಲಿಸಿದ್ದರು.

ಸಿಂಥಸೈಜರ್ ಎಂದರೆ ಸ್ಥೂಲವಾಗಿ ನಾಲ್ಕು ಅಂಗಗಳು. ಮೊದಲನೆಯದು ಆಂದೋಲಕ, ಇದು ಉಪಸ್ವರಗಳಿಂದ ತುಂಬಿದ ಕಚ್ಚಾ ನಾದವನ್ನು ಹುಟ್ಟಿಸುತ್ತದೆ. ಗರಗಸದ ಹಲ್ಲಿನ ಆಕಾರದ ತರಂಗದಲ್ಲಿ ಎಲ್ಲ ಉಪಸ್ವರಗಳೂ ಇರುತ್ತವೆ. ಎರಡನೆಯದರ ಬಲ ಅರ್ಧ, ಮೂರನೆಯದರದು ಮೂರರಲ್ಲೊಂದು ಪಾಲು, ಹೀಗೆ ಇಳಿಯುತ್ತ ಹೋಗುತ್ತದೆ. ಚೌಕಾಕಾರದ ತರಂಗದಲ್ಲಾದರೋ ಮೂಲಸ್ವರದ ಜತೆಗೆ ಬೆಸಸಂಖ್ಯೆಯ ಉಪಸ್ವರಗಳು ಮಾತ್ರ ಇದ್ದು, ಅದು ಒಂದು ಬಗೆಯ ಟೊಳ್ಳು ದನಿಯಾಗಿ ಕೇಳಿಸುತ್ತದೆ. ಎರಡನೆಯ ಅಂಗ ಫಿಲ್ಟರ್ ಎಂಬ ಶೋಧಕ. ಇದು ಬೇಡವಾದ ಉಪಸ್ವರಗಳನ್ನು ಸೋಸಿ ತೆಗೆಯುತ್ತದೆ. ಮೂರನೆಯದು ದನಿಯ ಗಾತ್ರವನ್ನು ಹಿಗ್ಗಿಸಿ ಕುಗ್ಗಿಸುವ ವರ್ಧಕ. ನಾಲ್ಕನೆಯದು, ನಾದ ಎಷ್ಟು ಬೇಗ ಏರಬೇಕು, ಎಷ್ಟು ಹೊತ್ತು ನಿಲ್ಲಬೇಕು, ಹೇಗೆ ಅಡಗಬೇಕು ಎಂಬುದನ್ನು ನಿಯಂತ್ರಿಸುವ ಭಾಗ. ಇವುಗಳಲ್ಲಿ ಫಿಲ್ಟರಿನ ಗುಂಡಿಯೇ ಸಿಂಥಸೈಜರಿನ ಜೀವಾಳ. ತಂಬೂರಿಯ ನೂಲನ್ನು ಸರಿಸುವ ಬೆರಳು ಇಲ್ಲಿ ಆ ಗುಂಡಿಯನ್ನು ತಿರುಗಿಸುತ್ತದೆ.

ಹಳೆಯ ಯಂತ್ರಗಳ ಸೊಗಸೂ ಸಂಕಟವೂ

ಅಮೆರಿಕದ ರಾಬರ್ಟ್ ಮೂಗ್ ಅವರು 1964ರಲ್ಲಿ ಇಂಥ ಅಂಗಗಳನ್ನು ಬಿಡಿಬಿಡಿ ಪೆಟ್ಟಿಗೆಗಳಾಗಿ ಮಾಡಿ, ತಂತಿಗಳಿಂದ ಜೋಡಿಸುವ ಯಂತ್ರವನ್ನು ರೂಪಿಸಿದರು. ಅದು ಭಾರತಕ್ಕೆ ಬರಲು ಹೆಚ್ಚು ಕಾಲ ಹಿಡಿಯಲಿಲ್ಲ. 1969ರಲ್ಲಿಯೇ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಡೇವಿಡ್ ಟ್ಯೂಡರ್ ಎಂಬ ಅಮೆರಿಕನ್ ಸಂಗೀತಗಾರರು ಮೂಗ್ ಯಂತ್ರವೊಂದನ್ನು ಸ್ಥಾಪಿಸಿದರು. ಗೀತಾ ಸಾರಾಭಾಯಿ ಮೊದಲಾದವರು ಅದರ ಮೇಲೆ ಪ್ರಯೋಗ ನಡೆಸಿದರು. 1970ರಲ್ಲಿ ಬಂದ ‘ಮಿನಿಮೂಗ್’ ಎಲ್ಲ ಅಂಗಗಳನ್ನೂ ಒಂದೇ ಪೆಟ್ಟಿಗೆಯಲ್ಲಿ ಅಡಕಗೊಳಿಸಿತು. ಮುಂಬಯಿಯ ಚಿತ್ರಸಂಗೀತಕ್ಕೆ ಮೂಗ್ ವಾದ್ಯವನ್ನು ಪರಿಚಯಿಸಿದ ಕೀರ್ತಿ ಕೆರ್ಸಿ ಲಾರ್ಡ್ ಅವರಿಗೆ ಸಲ್ಲುತ್ತದೆ.

ಮುಂಬಯಿಯ ಇನ್ನೊಬ್ಬ ಚಿತ್ರವಾದಕ ಚರಣಜಿತ್ ಸಿಂಗ್ ಅವರ ಕಥೆ ಇನ್ನೂ ಸ್ವಾರಸ್ಯಕರ. 1982ರಲ್ಲಿ ಅವರು ಜಪಾನಿನ ರೋಲಂಡ್ ಸಂಸ್ಥೆಯ ‘ಜುಪಿಟರ್-8’ ಸಿಂಥಸೈಜರ್, ‘ಟಿಬಿ-303’ ಮಂದ್ರವಾದ್ಯ ಮತ್ತು ‘ಟಿಆರ್-808’ ತಾಳಯಂತ್ರ ಇವುಗಳ ಮೇಲೆ ಹತ್ತು ರಾಗಗಳನ್ನು ಡಿಸ್ಕೋ ತಾಳಕ್ಕೆ ಹೊಂದಿಸಿ ಧ್ವನಿಮುದ್ರಿಸಿದರು. ಮರುವರ್ಷ ಹೊರಬಂದ ಆ ಧ್ವನಿತಟ್ಟೆಯನ್ನು ಆಗ ಕೇಳಿದವರು ವಿರಳ. 2010ರಲ್ಲಿ ಅದು ಮರುಮುದ್ರಣಗೊಂಡಾಗ ಪಾಶ್ಚಾತ್ಯ ರಸಿಕರು ಬೆರಗಾದರು. ಅಮೆರಿಕದ ಷಿಕಾಗೋ ನಗರದ ಯುವಕರು 1987ರಲ್ಲಿ ಅದೇ ಟಿಬಿ-303 ಪೆಟ್ಟಿಗೆಯ ಗುಂಡಿಗಳನ್ನು ತಿರುಗಿಸಿ ಹೊಸದೆಂದು ಮೆರೆಸಿದ ನಾದವನ್ನೇ ಹೋಲುವ ನಾದ ಅದಕ್ಕೂ ಮೊದಲೇ ಮುಂಬಯಿಯಲ್ಲಿ ಮೊಳಗಿತ್ತು. ಸಿಂಗ್ ಅವರು 2015ರಲ್ಲಿ ತೀರಿಕೊಳ್ಳುವ ಮುನ್ನ ಈ ಮನ್ನಣೆಯನ್ನು ಕಂಡರೆಂಬುದು ಸಮಾಧಾನದ ಸಂಗತಿ.

ಈ ಯಂತ್ರಗಳ ನಾದ ಎಷ್ಟು ಸೊಗಸೋ ನಿರ್ವಹಣೆ ಅಷ್ಟೇ ತ್ರಾಸದಾಯಕ. ಕೋಣೆಯ ಉಷ್ಣತೆ ಏರಿದಂತೆ ಆಂದೋಲಕದ ಶ್ರುತಿ ಸರಿಯುತ್ತಿತ್ತು. ಮಿನಿಮೂಗ್‌ನಲ್ಲಿ ಒಂದು ವೇಳೆಗೆ ಒಂದೇ ಸ್ವರ ನುಡಿಸಲು ಸಾಧ್ಯ. ಇಷ್ಟಪಟ್ಟು ಹೊಂದಿಸಿದ ನಾದವನ್ನು ನೆನಪಿಡುವ ವ್ಯವಸ್ಥೆಯೂ ಇರಲಿಲ್ಲ. 1978ರ ‘ಪ್ರಾಫೆಟ್-5’ ಐದು ಸ್ವರಗಳನ್ನೂ ಸ್ಮರಣಶಕ್ತಿಯನ್ನೂ ಒದಗಿಸಿತು. ಆದರೆ ಅಂಥ ವಾದ್ಯಗಳ ಬೆಲೆ ಸಾಮಾನ್ಯ ಸಂಬಳದಾರನ ಕೈಗೆ ನಿಲುಕುವಂತಿರಲಿಲ್ಲ.

ಗುಂಡಿಗಳು ಮಾಯವಾದ ಕಾಲ

1983ರಲ್ಲಿ ಯಮಹಾ ಸಂಸ್ಥೆಯ ‘ಡಿಎಕ್ಸ್7’ ಬಂದಿತು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಜಾನ್ ಚೌನಿಂಗ್ ಅವರ ಸಂಶೋಧನೆಯನ್ನು ಆಧರಿಸಿದ ಈ ವಾದ್ಯ ಸಂಪೂರ್ಣವಾಗಿ ಅಂಕೆಗಳ ಮೇಲೆ ನಡೆಯುವಂಥದು. ಶ್ರುತಿ ತಪ್ಪುವ ಭಯವಿಲ್ಲ. ಏಕಕಾಲಕ್ಕೆ ಹದಿನಾರು ಸ್ವರ. ಗಂಟೆಯ ನಾದವಂತೂ ಸ್ಫಟಿಕದಷ್ಟು ಸ್ವಚ್ಛ. ಲೋಕವೆಲ್ಲ ಅದಕ್ಕೆ ಮರುಳಾಯಿತು. ಆದರೆ ಒಂದು ನಷ್ಟ ಮೆಲ್ಲನೆ ಗಮನಕ್ಕೆ ಬಂದಿತು. ಮುಂಭಾಗದ ಗುಂಡಿಗಳು ಮಾಯವಾಗಿದ್ದವು. ನಾದವನ್ನು ಬದಲಿಸಬೇಕೆಂದರೆ ಒತ್ತುಗುಂಡಿಗಳಿಂದ ಒಂದೊಂದೇ ಸಂಖ್ಯೆಯನ್ನು ಆರಿಸಿ, ಪುಟ್ಟ ಪರದೆಯನ್ನು ನೋಡುತ್ತ, ಒಂದೇ ಜಾರುಪಟ್ಟಿಯಿಂದ ತಿದ್ದಬೇಕಾಗಿತ್ತು. ಹೆಚ್ಚಿನ ವಾದಕರು ತಯಾರಕರು ಕೊಟ್ಟ ನಾದಗಳಲ್ಲೇ ತೃಪ್ತರಾದರು. ನಾದವನ್ನು ರೂಪಿಸುತ್ತಿದ್ದವನು ನಾದವನ್ನು ಆರಿಸಿಕೊಳ್ಳುವವನಾದನು.

ಅದೇ ವೇಳೆಗೆ ಹಳೆಯ ಯಂತ್ರಗಳು ಅಡವಿನ ಅಂಗಡಿಗಳಲ್ಲಿ ಅಗ್ಗವಾಗಿ ಬಿದ್ದಿದ್ದವು. ಹಣವಿಲ್ಲದ ಯುವಕರು ಅವನ್ನು ಕೊಂಡು ಹೊಸ ನೃತ್ಯಸಂಗೀತವನ್ನು ಕಟ್ಟಿದರು. ಆ ಸಂಗೀತ ಜನಪ್ರಿಯವಾದೊಡನೆ ಹಳೆಯ ಯಂತ್ರಗಳ ಬೆಲೆ ಗಗನಕ್ಕೇರಿತು. ಬೇಡಿಕೆಯಿದೆ, ಸರಕಿಲ್ಲ ಎಂಬ ಈ ಸ್ಥಿತಿಯಲ್ಲಿ, 1995ರಲ್ಲಿ, ಸ್ವೀಡನ್ ದೇಶದ ಕ್ಲಾವಿಯಾ ಸಂಸ್ಥೆ ‘ನಾರ್ಡ್ ಲೀಡ್’ ಎಂಬ ಕೆಂಪು ವಾದ್ಯವನ್ನು ಮಾರುಕಟ್ಟೆಗೆ ತಂದಿತು. ಒಳಗೆ ಅಂಕೆಗಳ ಗಣಿತ. ಹೊರಗೆ ಹಳೆಯ ಕಾಲದಂತೆ ಸಾಲುಸಾಲು ಗುಂಡಿಗಳು. ‘ವರ್ಚುವಲ್ ಅನಲಾಗ್’ ಎಂಬ ಹೆಸರು ಬಳಕೆಗೆ ಬಂದುದು ಇದರಿಂದಲೇ. ಬಳಿಕ ರೋಲಂಡ್‌ನ ‘ಜೆಪಿ-8000’, 1997ರಲ್ಲಿ ಜರ್ಮನಿಯ ‘ಆ್ಯಕ್ಸೆಸ್ ವೈರಸ್’, 2002ರಲ್ಲಿ ‘ಮೈಕ್ರೋಕಾರ್ಗ್’ ಬಂದವು. ಮೈಕ್ರೋಕಾರ್ಗ್ ಎಂಬುದು 37 ಕಿರುಮನೆಗಳ, ಆರು ಸಾಧಾರಣ ಸೆಲ್ಲುಗಳಿಂದಲೂ ನಡೆಯಬಲ್ಲ ಪುಟ್ಟ ಪೆಟ್ಟಿಗೆ. ಮಹಾರಾಷ್ಟ್ರದ ಊರುಗಳಲ್ಲಿ ಗಂಟೆಗಟ್ಟಲೆ ವಿದ್ಯುತ್ ಕಡಿತವಿದ್ದ 2005ರ ಆಸುಪಾಸಿನ ವರ್ಷಗಳನ್ನು ನೆನೆಯುವವರಿಗೆ ಈ ಗುಣದ ಬೆಲೆ ತಿಳಿದೀತು.

ಲೆಕ್ಕದಿಂದ ಹುಟ್ಟುವ ನಾದ

ಇಂಥ ವಾದ್ಯದೊಳಗೆ ನಡೆಯುವುದೇನು? ಒಂದು ಗಣಕ ಚಿಪ್ಪು ಸೆಕೆಂಡಿಗೆ ಸುಮಾರು 48,000 ಬಾರಿ, ತರಂಗವು ಈ ಕ್ಷಣದಲ್ಲಿ ಯಾವ ಎತ್ತರದಲ್ಲಿರಬೇಕೆಂದು ಲೆಕ್ಕ ಹಾಕುತ್ತದೆ. ಆ ಅಂಕೆಗಳ ಸಾಲು ಕೊನೆಯಲ್ಲಿ ವಿದ್ಯುತ್ತಾಗಿ ಮಾರ್ಪಟ್ಟು ಧ್ವನಿವರ್ಧಕವನ್ನು ಕಂಪಿಸುತ್ತದೆ. ತುಂಬೆಲ್ಲ ನಮೂದುಗಳಿರುವ ದಿನವಹಿಯೊಂದನ್ನು ಕ್ಷಣಕ್ಷಣಕ್ಕೂ ಬರೆದು ಮುಗಿಸಿದಂತೆ ಇದು.

ಕೇಳಲು ಸುಲಭ, ಮಾಡಲು ಕಷ್ಟ. ಸೆಕೆಂಡಿಗೆ 48,000 ನಮೂದುಗಳಿದ್ದರೆ ಅದರ ಅರ್ಧ, ಎಂದರೆ 24,000 ಕಂಪನಗಳವರೆಗಿನ ನಾದವನ್ನು ಮಾತ್ರ ಸರಿಯಾಗಿ ಬರೆದಿಡಬಹುದು. ತಾರಸ್ಥಾಯಿಯಲ್ಲಿ 1,900 ಕಂಪನಗಳ ಗರಗಸ ತರಂಗವನ್ನು ನುಡಿಸಿದೆವೆನ್ನೋಣ. ಅದರ ಇಪ್ಪತ್ತು ಪಟ್ಟಿನ ಉಪಸ್ವರ 38,000. ಇದು ಮಿತಿಯನ್ನು ಮೀರಿದ್ದರಿಂದ ಸುಮ್ಮನೆ ಬಿಟ್ಟುಹೋಗುವುದಿಲ್ಲ. 48,000ದಿಂದ ಕಳೆದು ಉಳಿಯುವ 10,000ದ ಸ್ವರವಾಗಿ ಹಿಂದಕ್ಕೆ ಮಡಚಿಕೊಂಡು ಬರುತ್ತದೆ. ಹತ್ತು ಸಾವಿರವು 1,900ರ ಗುಣಿತವಲ್ಲವಾದ್ದರಿಂದ ಅದು ಅಪಸ್ವರ. ಒಂದು ಖಾತೆಗೆ ಸೇರಬೇಕಾದ ಮೊತ್ತ ಮತ್ತೊಂದು ಖಾತೆಗೆ ಜಮೆಯಾದಂತೆ! ಇಂಥ ಕಲಬೆರಕೆಯನ್ನು ಮೊದಲೇ ತಡೆಯುವ ಗಣಿತವನ್ನು ರೂಪಿಸುವುದರಲ್ಲಿಯೇ ತಯಾರಕರ ಜಾಣ್ಮೆ ಅಡಗಿದೆ.

ಇನ್ನೊಂದು ತೊಡಕು ಗುಂಡಿಗಳದು. ಹಳೆಯ ವಾದ್ಯದ ಗುಂಡಿ ನೀರಿನ ನಲ್ಲಿಯಂತೆ ಅಖಂಡವಾಗಿ ತಿರುಗುತ್ತದೆ. 1983ರಲ್ಲಿ ವಿವಿಧ ತಯಾರಕರು ಒಪ್ಪಿದ ‘ಮಿಡಿ’ ಪದ್ಧತಿಯಲ್ಲಾದರೋ ಗುಂಡಿಯ ಸ್ಥಾನವನ್ನು ಸಾಮಾನ್ಯವಾಗಿ 0ಯಿಂದ 127ರವರೆಗಿನ ಸಂಖ್ಯೆಯಲ್ಲಿ ಹೇಳುತ್ತಾರೆ. ಫಿಲ್ಟರು ಹತ್ತು ಸ್ಥಾಯಿಗಳಷ್ಟು ವ್ಯಾಪ್ತಿಯದಾದರೆ ಒಂದೊಂದು ಮೆಟ್ಟಿಲೂ ಹೆಚ್ಚುಕಡಿಮೆ ಅರ್ಧಸ್ವರದಷ್ಟಾಗುತ್ತದೆ. ನಿಧಾನವಾಗಿ ತಿರುಗಿಸಿದರೆ ಮೆಟ್ಟಿಲುಗಳ ಸದ್ದು ಕಿವಿಗೆ ತಾಗುತ್ತದೆ. ಒಳ್ಳೆಯ ವಾದ್ಯಗಳಲ್ಲಿ ಮೆಟ್ಟಿಲುಗಳ ನಡುವಣ ಅಂತರವನ್ನು ಗಣಿತದಿಂದ ತುಂಬಿ ನಯಗೊಳಿಸಿರುತ್ತಾರೆ. ಕೊಳ್ಳುವವನು ಅಂಗಡಿಯಲ್ಲಿ ಫಿಲ್ಟರಿನ ಗುಂಡಿಯನ್ನು ಮೆಲ್ಲಮೆಲ್ಲನೆ ತಿರುಗಿಸಿ ಕೇಳುವುದು ಅತ್ಯುತ್ತಮ ಪರೀಕ್ಷೆ.

ಆಕರ್ಷಣೆಯ ನಿಜವಾದ ಕಾರಣ

ಅನುಕರಣೆ ಎಷ್ಟು ಕರಾರುವಾಕ್ಕಾಗಿದೆ ಎಂಬುದೇ ಮುಖ್ಯವಾಗಿದ್ದರೆ ವಾದಕರು ಎಂದೋ ಗಣಕಯಂತ್ರದ ತಂತ್ರಾಂಶಕ್ಕೆ ತಿರುಗುತ್ತಿದ್ದರು. ಏಕೆಂದರೆ ಅದೇ ಗಣಿತವು ಸಾಧಾರಣ ಗಣಕಯಂತ್ರದಲ್ಲೂ ನಡೆಯುತ್ತದೆ. ಹಲವು ತಂತ್ರಾಂಶಗಳು ಉಚಿತವಾಗಿಯೂ ಸಿಗುತ್ತವೆ. ಆಕರ್ಷಣೆಯ ಕಾರಣ ಬೇರೆ. ನಾದದ ಎಲ್ಲ ಅಂಗಗಳೂ ಏಕಕಾಲಕ್ಕೆ ಕಣ್ಣೆದುರಿಗಿದ್ದು, ಪ್ರತಿಯೊಂದಕ್ಕೂ ಒಂದು ಗುಂಡಿ, ಪ್ರತಿ ಗುಂಡಿಗೂ ಒಂದು ಸ್ಥಿರವಾದ ಸ್ಥಾನವಿರುತ್ತದೆ. ಕೆಲವು ವಾರಗಳ ಅಭ್ಯಾಸದಲ್ಲಿ ಕೈಗೆ ದಾರಿ ತಿಳಿಯುತ್ತದೆ. ಆಮೇಲೆ ಕಣ್ಣು ಮುಚ್ಚಿಯೂ ನಾದವನ್ನು ತಿದ್ದಬಹುದು. ಎರಡು ಕೈಗಳಿಂದ ಎರಡು ಗುಂಡಿಗಳನ್ನು ಒಟ್ಟಿಗೆ ತಿರುಗಿಸಬಹುದು. ಪರದೆಯ ಮೇಲಿನ ಬಾಣದ ಗುರುತಿಗೆ ಈ ಭಾಗ್ಯವಿಲ್ಲ. ಅಡುಗೆಯವನಿಗೆ ಒಗ್ಗರಣೆಯ ಡಬ್ಬಿ ಹೇಗೋ ವಾದಕನಿಗೆ ಈ ಗುಂಡಿಗಳ ಹಲಗೆ ಹಾಗೆ. ಪ್ರತಿ ಬಾರಿಯೂ ಕಪಾಟು ತೆರೆದು ಹುಡುಕಬೇಕಾದರೆ ಸಾಸಿವೆ ಸೀದು ಹೋಗುತ್ತದೆ.

ನಮ್ಮ ಸಂಗೀತಕ್ಕೆ ಸಂಬಂಧಿಸಿದ ವಿಶೇಷವೂ ಇದೆ. ಸ್ವರಗಳನ್ನು ಬಾಗಿಸಲಾಗದು, ಗಮಕ ಬಾರದು ಎಂಬ ಆಕ್ಷೇಪದ ಮೇಲೆ ಆಕಾಶವಾಣಿಯು 1940ರಲ್ಲಿ ಹಾರ್ಮೋನಿಯಂ ವಾದ್ಯವನ್ನು ಹೊರಗಿಟ್ಟಿತು. ಆ ನಿರ್ಬಂಧ ಸಡಿಲವಾಗಲು ಮೂರು ದಶಕಗಳೇ ಬೇಕಾದವು. ಸಿಂಥಸೈಜರಿಗೆ ಈ ಆಕ್ಷೇಪ ಪೂರ್ತಿಯಾಗಿ ಅನ್ವಯಿಸದು. ಎಡಗೈಯ ಚಕ್ರದಿಂದ ಸ್ವರವನ್ನು ಎರಡು ಮನೆಗಳಷ್ಟೋ ಇನ್ನೂ ಹೆಚ್ಚಾಗಿಯೋ ಬಾಗಿಸಬಹುದು. ಈ ಚಕ್ರಕ್ಕೆ ಮಿಡಿ ಪದ್ಧತಿಯು 16,384 ಮೆಟ್ಟಿಲುಗಳನ್ನು ಕೊಟ್ಟಿರುವುದರಿಂದ ಬಾಗು ನಯವಾಗಿರುತ್ತದೆ. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ವ್ಯವಸ್ಥೆಯನ್ನು ಹದವಾಗಿ ಹೊಂದಿಸಿದರೆ ಜಾರು, ಮೀಂಡ್‌ಗಳ ಛಾಯೆ ಮೂಡುತ್ತದೆ. ಯಂತ್ರವೇ ಒಂದೇ ಸಮನೆ ನಡುಗಿಸುವ ಸ್ವರವು ಕಂಪಿತ ಗಮಕವಾಗದು. ಅದಕ್ಕೆ ಚಕ್ರದ ಮೇಲೆ ಪಳಗಿದ ಕೈಯೇ ಬೇಕು. ವಾದ್ಯ ಅವಕಾಶ ಕೊಡುತ್ತದೆ, ಸಾಧನೆಯನ್ನು ಕೊಡುವುದಿಲ್ಲ.

ಮತ್ತೊಂದು ಗುಣ ಸಿದ್ಧತೆಯ ವೇಗ. ಸ್ವಿಚ್ಚು ಹಾಕಿದ ಅಲ್ಪಕಾಲದಲ್ಲಿ ವಾದ್ಯ ಶ್ರುತಿಬದ್ಧವಾಗಿ ಸಿದ್ಧ. ನಿನ್ನೆ ಉಳಿಸಿದ ನಾದ ಇಂದೂ ಹಾಗೆಯೇ ಇರುತ್ತದೆ. ತಂತ್ರಾಂಶದ ನವೀಕರಣವಿಲ್ಲ, ಕಚೇರಿಯ ಸಂದೇಶಗಳ ಅಡ್ಡಿಯಿಲ್ಲ. ದಿನವಿಡೀ ಪರದೆಯ ಮುಂದೆ ದುಡಿದು ಬಂದವನಿಗೆ ಪರದೆಯಿಲ್ಲದ ಒಂದು ಗಂಟೆ ದೊರೆಯುವುದೇ ದೊಡ್ಡ ಲಾಭ.

ಕೊಳ್ಳುವ ಮುನ್ನ

ಲಾಭವಿರುವಲ್ಲಿ ಖರ್ಚಿನ ಬದಿಯನ್ನೂ ನೋಡಬೇಕು. 2010ರ ಬಳಿಕ ನಿಜವಾದ ಅನಲಾಗ್ ವಾದ್ಯಗಳೂ ಮಿತವ್ಯಯದಲ್ಲಿ ಮರಳಿ ಬಂದಿವೆ; ಕಾರ್ಗ್ ಸಂಸ್ಥೆಯ 2016ರ ‘ಮಿನಿಲಾಗ್’ ಇದಕ್ಕೆ ನಿದರ್ಶನ. ಹೀಗಾಗಿ ಬೆಲೆಯೊಂದೇ ಈಗ ವರ್ಚುವಲ್ ಅನಲಾಗ್‌ನ ಪರವಾದ ವಾದವಾಗದು. ಹೆಚ್ಚು ಸ್ವರಗಳು, ಸ್ಥಿರವಾದ ಶ್ರುತಿ, ಧಾರಾಳವಾದ ಸ್ಮರಣಶಕ್ತಿ ಇವು ಅದರ ಪರವಾಗಿವೆ. ದುರಸ್ತಿಯ ವಿಷಯದಲ್ಲಿ ಹಳೆಯ ವಾದ್ಯವೇ ಮೇಲು; ಅದರ ಬಿಡಿಭಾಗವನ್ನು ಬೆಸುಗೆ ಹಾಕಿ ಸರಿಪಡಿಸಬಹುದು, ಆದರೆ ತಯಾರಿಕೆ ನಿಂತ ವಾದ್ಯದ ಗಣಕ ಚಿಪ್ಪು ಕೆಟ್ಟರೆ ಬದಲಿ ಸಿಗುವುದು ಕಷ್ಟ. ಹಳೆಯದನ್ನು ಕೊಳ್ಳುವವರು ಪ್ರತಿ ಗುಂಡಿಯನ್ನೂ ಪ್ರತಿ ಮನೆಯನ್ನೂ ಪರೀಕ್ಷಿಸಬೇಕು. ಪರದೇಶದಿಂದ ತಂದ ವಾದ್ಯವು 100 ಅಥವಾ 120 ವೋಲ್ಟಿನದಾಗಿದ್ದು, ಅದನ್ನು ನಮ್ಮ 230 ವೋಲ್ಟಿಗೆ ನೇರವಾಗಿ ಜೋಡಿಸಿದರೆ ಸುಟ್ಟುಹೋಗಬಹುದೆಂಬ ಎಚ್ಚರವೂ ಇರಲಿ. ಶಾಲೆಗೆ ಹೋಗುವ ಮಗುವಿಗೆ ಮೊದಲ ವಾದ್ಯವಾಗಿ ಇದನ್ನು ಕೊಡಿಸುವ ಅವಸರ ಬೇಡ; ಸ್ವರಜ್ಞಾನ ಕುದುರಿದ ಮೇಲೆ, ನಾದದ ಕುತೂಹಲ ತಾನಾಗಿ ಮೂಡಿದಾಗ ಕೊಡಿಸುವುದು ಉಚಿತ.

ಕಿವಿಯ ಕ್ಷೇಮ

ಧ್ವನಿವರ್ಧಕಗಳ ಬಳಕೆಗೆ 2000ದ ಶಬ್ದಮಾಲಿನ್ಯ ನಿಯಮಗಳು ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ನಿರ್ಬಂಧ ಹಾಕಿವೆ. ಗೋಡೆಗೆ ಗೋಡೆ ತಾಗಿದ ಮನೆಗಳಲ್ಲಿ, ಪಾಳಿ ಮುಗಿಸಿ ಮಲಗಿದ ನೆರೆಯವರಿರುವಲ್ಲಿ, ನಿಯಮವಿಲ್ಲದಿದ್ದರೂ ಆ ಸಂಯಮ ಅಗತ್ಯವೇ. ಆದ್ದರಿಂದ ರಾತ್ರಿಯ ಅಭ್ಯಾಸ ಹೆಡ್‌ಫೋನಿನಲ್ಲಿಯೇ ನಡೆಯುತ್ತದೆ. ಇಲ್ಲಿ ಆರೋಗ್ಯದ ಪ್ರಶ್ನೆ ಏಳುತ್ತದೆ.

ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯಂತೆ 80 ಡೆಸಿಬಲ್ ಮಟ್ಟದ ಧ್ವನಿಯನ್ನು ವಾರಕ್ಕೆ 40 ಗಂಟೆಗಳವರೆಗೆ ಕೇಳಬಹುದು. 90 ಡೆಸಿಬಲ್ ಆದರೆ ಕೇವಲ 4 ಗಂಟೆ. ಮೂರು ಡೆಸಿಬಲ್ ಏರಿದಂತೆ ಸುರಕ್ಷಿತ ಅವಧಿ ಅರ್ಧಕ್ಕಿಳಿಯುತ್ತದೆ. ಸಿಂಥಸೈಜರಿನಲ್ಲಿ ಇನ್ನೊಂದು ಅಪಾಯವುಂಟು. ಫಿಲ್ಟರಿನ ‘ರೆಸೊನೆನ್ಸ್’ ಎಂಬ ಅನುರಣನದ ಗುಂಡಿಯನ್ನು ಹೆಚ್ಚಿಸಿದರೆ ಒಂದು ಉಪಸ್ವರ ಹಠಾತ್ತನೆ ಸೀಟಿಯಂತೆ ಚೀರಬಹುದು. ಆ ಗುಂಡಿಯನ್ನು ಮುಟ್ಟುವ ಮುನ್ನ ದನಿಯ ಗಾತ್ರವನ್ನು ತಗ್ಗಿಸುವುದು ಒಳ್ಳೆಯ ಅಭ್ಯಾಸ. ಒಳಕಿವಿಯ ಸೂಕ್ಷ್ಮ ರೋಮಕೋಶಗಳು ಒಮ್ಮೆ ನಾಶವಾದರೆ ಮತ್ತೆ ಬೆಳೆಯುವುದಿಲ್ಲ. ಅಭ್ಯಾಸದ ಬಳಿಕ ಕಿವಿಯಲ್ಲಿ ಗುಂಯ್‌ಗುಡುವ ಸದ್ದು ಉಳಿದರೆ ಅದನ್ನು ಎಚ್ಚರಿಕೆಯೆಂದು ತಿಳಿದು ದನಿಯನ್ನು ಇಳಿಸಬೇಕು. ಪುನಃ ಪುನಃ ಹಾಗಾದರೆ ಕಿವಿಯ ವೈದ್ಯರನ್ನು ಕಾಣಬೇಕು. ಗಂಟೆಗೊಮ್ಮೆಯಾದರೂ ಹತ್ತು ನಿಮಿಷ ಕಿವಿಗೂ ಮಣಿಕಟ್ಟಿಗೂ ವಿಶ್ರಾಂತಿ ಕೊಡುವುದು ಲೇಸು.

ಉಪಸಂಹಾರ

ಯಂತ್ರ ಬಂದರೆ ಕಲೆ ಹೋಗುತ್ತದೆ ಎಂಬ ಆತಂಕ ಹಳೆಯದು. ವಿದ್ಯುನ್ಮಾನ ತಂಬೂರಿ ಬಂದ ಮೇಲೂ ಹಾಡುವವರು ಹಾಡುತ್ತಲೇ ಇದ್ದಾರೆ. ತಂಬೂರಿ ಹೊರಲಾರದ ಕಾರಣಕ್ಕೆ ಅಭ್ಯಾಸ ಬಿಡುತ್ತಿದ್ದ ಕೆಲವರಾದರೂ ಅದರಿಂದ ಉಳಿದುಕೊಂಡಿದ್ದಾರೆ. ವರ್ಚುವಲ್ ಅನಲಾಗ್ ವಾದ್ಯದ ವಿಷಯವೂ ಇಷ್ಟೆ. ಒಳಗಿರುವುದು ಅಂಕೆಯೋ ವಿದ್ಯುತ್ತೋ ಎಂಬ ಚರ್ಚೆ ತಜ್ಞರಿಗಿರಲಿ. ರಾತ್ರಿ ಊಟ ಮುಗಿಸಿ ಕುಳಿತವನ ಕೈಗೆ ನಾದವು ಕೂಡಲೇ ಸಿಗುತ್ತದೆಯೇ, ಬೆರಳಿನ ಚಲನೆಗೆ ಒಡನೆಯೇ ಓಗೊಡುತ್ತದೆಯೇ ಎಂಬುದೇ ಮುಖ್ಯ. ಹಾಗೆ ಸಿಕ್ಕಿದರೆ ಆ ಒಂದು ಗಂಟೆ ಅವನದಾಗುತ್ತದೆ. ಬೆಳಗ್ಗೆ ಮತ್ತೆ ಲೋಕಲ್ ಗಾಡಿ ಇದ್ದೇ ಇದೆ.